ಹಿತ್ತಲಿಗೆ ಕರೆಂಟ್ ಎಳೆಯೋ ಮುಂಚೆ: ಬರಿಗಾಲು, ಒದ್ದೆ ಮಣ್ಣು ನೆನಪಿರಲಿ

ಕಾರ್ತಿಕ ಮಾಸದ ಒಂದು ಬೆಳಗ್ಗೆ. ಕೋಲಾರದ ನಮ್ಮ ಮನೆ ಹಿತ್ತಲಲ್ಲಿ ತುಳಸಿ ಕಟ್ಟೆಗೆ ಸೀರಿಯಲ್ ಸೆಟ್ ಸುತ್ತಿದ್ದೆವು. ಸ್ನಾನ ಮುಗಿಸಿ, ಒದ್ದೆ ಕಾಲಲ್ಲೇ ತುಳಸಿಗೆ ನೀರು ಹಾಕೋಕೆ ಹೋದ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ‘ಕಟ್ಟೆ ಮುಟ್ಟಿದ್ರೆ ಏನೋ ಜುಮ್ ಅಂತು ಕಣೋ’ ಅಂದರು.

ಮೇನ್ ಆಫ್ ಮಾಡಿ ವೈರ್ ಜಾಡು ಹಿಡಿದು ಹೋದೆ. ಕನಕಾಂಬರದ ಬುಡದಲ್ಲಿ ಒಂದು ಜಾಯಿಂಟ್ ಸಿಕ್ಕಿತು. ಸುತ್ತಿದ್ದ ಕಪ್ಪು ಟೇಪಿನ ಅಂಟು ಬಿಸಿಲಿಗೆ ಕರಗಿ, ತುದಿ ಬಿಚ್ಚಿಕೊಂಡಿತ್ತು. ಒಳಗೆ ಕೆಮ್ಮಣ್ಣು ಸೇರಿ ಕೆಸರಾಗಿತ್ತು. ತಾಮ್ರದ ಎಳೆ ಹಸಿರು ಬಣ್ಣಕ್ಕೆ ತಿರುಗಿತ್ತು. ಆ ಜಾಯಿಂಟ್ ಹಾಕಿದವನು ನಾನೇ. ಬೋರ್ಡ್‌ನಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇತ್ತು, ಅದು ಅಲ್ಲಾಡಿರಲಿಲ್ಲ.

ಅಂದು ಅಮ್ಮನಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಜಿಲ್ಲೆಗೆ ಕರೆಂಟ್ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಲೈನ್ ಎಳೆದಿದ್ದರು, ಬೆಂಗಳೂರಿನ ಬೀದಿ ದೀಪಕ್ಕಿಂತ ಮುಂಚೆ. ಇಷ್ಟು ವರ್ಷ ಆದಮೇಲೂ ಹಿತ್ತಲಿಗೆ ವೈರ್ ಅಂದರೆ ಮನೆ ಕಟ್ಟಿದಾಗ ಉಳಿದ ತುಂಡುಗಳನ್ನು ಗಂಟು ಹಾಕಿ ಎಳೆಯೋದು ಅಂತಲೇ ನಾವು ಅಂದುಕೊಂಡಿದ್ದೇವೆ. ಆಮೇಲೆ ಎಲ್ಲ ಕಿತ್ತು ಹೊಸದಾಗಿ ಮಾಡಿಸಿದೆವು. ಆಗ ಕಲಿತದ್ದನ್ನು, ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಕ್ಷೆ ಬರೆಯೋದು, ಗುಂಡಿ ತೋಡೋದು, ಸಾಮಾನು ಆರಿಸೋದು, ಕೊನೆಗೆ ಪರೀಕ್ಷೆ ಮಾಡಿಸೋದು ನಿಮ್ಮ ಕೆಲಸ. ಬೋರ್ಡ್ ಒಳಗೆ ಕೈ ಹಾಕೋದು, ಕೇಬಲ್ ಜೋಡಿಸೋದು, ಅರ್ಥ್ ಕಟ್ಟೋದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಆದರೆ ಅವರು ಏನು ಮಾಡಬೇಕು ಅನ್ನೋದು ನಿಮಗೂ ಗೊತ್ತಿರಬೇಕು. ಇಲ್ಲದಿದ್ದರೆ ‘ಇಷ್ಟೆಲ್ಲ ಬೇಡ ಸಾರ್, ನಡೆಯುತ್ತೆ’ ಅಂದಾಗ ನೀವೂ ತಲೆ ಆಡಿಸಿಬಿಡುತ್ತೀರಿ.

ಮೊದಲು ಕಾಗದ, ಆಮೇಲೆ ಗುದ್ದಲಿ

ಒಂದು ಹಾಳೆ ತಗೊಂಡು ಹಿತ್ತಲಿಗೆ ಹೋಗಿ. ನಲ್ಲಿ ಎಲ್ಲಿದೆ, ಸಂಪು ಎಲ್ಲಿದೆ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ, ಬಟ್ಟೆ ಎಲ್ಲಿ ಒಣಗಿಸುತ್ತೀರಿ, ಯಾವ ಪಾತಿಯನ್ನು ವರ್ಷವರ್ಷ ಅಗೆಯುತ್ತೀರಿ, ಮಕ್ಕಳು ಎಲ್ಲಿ ಓಡಾಡುತ್ತಾರೆ, ಎಲ್ಲ ಗುರುತು ಹಾಕಿ. ಇವುಗಳನ್ನು ಬಿಟ್ಟು ಉಳಿದ ಜಾಗದಲ್ಲೇ ಕೇಬಲ್ ಹೋಗಬೇಕು, ಸಾಕೆಟ್ ಬರಬೇಕು.

ಬಟ್ಟೆ ಒಣಗಿಸುವ ತಂತಿಯನ್ನು ಮರೆಯಬೇಡಿ. ಕಬ್ಬಿಣದ ತಂತಿಯನ್ನು ದೀಪದ ಕಂಬಕ್ಕೋ ಸರ್ವಿಸ್ ವೈರ್ ಹಾದುಹೋಗುವ ಪೈಪಿಗೋ ಕಟ್ಟಿರುವ ಮನೆಗಳನ್ನು ನೋಡಿದಾಗ ನನಗೆ ಈಗ ಎದೆ ಧಸಕ್ ಅನ್ನುತ್ತೆ. ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಕಡೆ ಸವೆದರೆ ಸಾಕು, ಒದ್ದೆ ಸೀರೆ ಹಾಕೋಕೆ ಬಂದವರ ಕೈಗೆ ಪೂರ್ತಿ 230 ವೋಲ್ಟ್ ಬರುತ್ತೆ. ಇವತ್ತೇ ಆ ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ಕಬ್ಬಿಣದ ಗೇಟಿನ ಕಂಬದ ಮೇಲೆ ದೀಪ ಇದ್ದರೆ ಅದರ ವೈರ್ ಗೇಟಿಗೆ ತಾಗುತ್ತಿದೆಯಾ ಅಂತಲೂ ನೋಡಿ.

ಆಮೇಲೆ ಏನೇನು ಓಡಿಸಬೇಕು ಅಂತ ಪಟ್ಟಿ ಮಾಡಿ. ನಮ್ಮದು ಹೀಗಿತ್ತು: ಸಂಪಿನ 1 ಎಚ್‌ಪಿ ಮೋಟರ್, ಏಳು ದೀಪ, ಹುಲ್ಲು ಕತ್ತರಿಸುವ ಮಷಿನ್‌ಗೆ ಒಂದು ಸಾಕೆಟ್, ಹಬ್ಬದ ಲೈಟಿಂಗ್‌ಗೆ ಇನ್ನೊಂದು. ಇದಕ್ಕೆ 16 ಆಂಪ್‌ನ ಒಂದೇ ಲೈನ್ ಬೇಕಾದಷ್ಟಾಯಿತು.

ಬೋರ್ಡ್‌ನಲ್ಲಿ ಏನಿರಬೇಕು

ಈ ಭಾಗ ನಿಧಾನವಾಗಿ ಓದಿ. ಎಂಸಿಬಿ ಇದೆಯಲ್ಲ, ಇನ್ನೇನು ಭಯ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಇದ್ದೆ.

ಎಂಸಿಬಿ ಇರೋದು ವೈರ್ ಸುಡದಿರಲಿ ಅಂತ. 16 ಆಂಪ್ ಎಂಸಿಬಿ ಟ್ರಿಪ್ ಆಗಬೇಕಾದರೆ 16 ಆಂಪ್‌ಗಿಂತ ಜಾಸ್ತಿ ಕರೆಂಟ್ ಹರಿಯಬೇಕು. ಮನುಷ್ಯನ ಜೀವಕ್ಕೆ ಅಷ್ಟೆಲ್ಲ ಬೇಕಿಲ್ಲ. 30 ಮಿಲಿ ಆಂಪ್ (ಒಂದು ಆಂಪಿನ ಸಾವಿರದಲ್ಲಿ 30 ಭಾಗ) ದಾಟಿ ಕೆಲವು ಸೆಕೆಂಡ್ ಹರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಮೈ ಕೈ ಒದ್ದೆಯಾಗಿ, ಬರಿಗಾಲಲ್ಲಿ ನೆನೆದ ಮಣ್ಣಿನ ಮೇಲೆ ನಿಂತವರ ದೇಹದ ತಡೆ ಸುಮಾರು 1000 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟ್ ಮುಟ್ಟಿದರೆ ಮೈಯಲ್ಲಿ ಹರಿಯೋದು 230 ಮಿಲಿ ಆಂಪ್. ಹಳೇ ಕಾಲದ 60 ವ್ಯಾಟ್ ಬಲ್ಬು ಎಳೆಯುತ್ತಿದ್ದ ಕರೆಂಟ್ ಇದಕ್ಕಿಂತ ಜಾಸ್ತಿ. ಅಂದರೆ ಒಬ್ಬ ಮನುಷ್ಯ ಜೀವ ಬಿಡುತ್ತಿದ್ದರೂ ಎಂಸಿಬಿಗೆ ಎಲ್ಲೋ ಒಂದು ಬಲ್ಬ್ ಉರಿಯುತ್ತಿದೆ ಅಂತಷ್ಟೇ ಲೆಕ್ಕ.

ಇಲ್ಲಿ ಬೇಕಾಗಿರೋದು ಆರ್‌ಸಿಸಿಬಿ. ಅದು ತಕ್ಕಡಿ ಇದ್ದ ಹಾಗೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ತೂಗುತ್ತಲೇ ಇರುತ್ತೆ. ಸ್ವಲ್ಪ ಕಮ್ಮಿ ಬಂದರೆ, ಅದು ಮಣ್ಣಿಗೋ ಯಾರದೋ ಮೈಗೋ ಸೋರುತ್ತಿದೆ ಅಂತ ಅರ್ಥ. ವ್ಯತ್ಯಾಸ 30 ಮಿಲಿ ಆಂಪ್ ಮುಟ್ಟಿದರೆ 0.3 ಸೆಕೆಂಡ್ ಒಳಗೆ, ಅದರ ಐದು ಪಟ್ಟಾದರೆ 0.04 ಸೆಕೆಂಡ್ ಒಳಗೆ ಲೈನ್ ಕಡಿಯಬೇಕು ಅನ್ನೋದು ಅದರ ನಿಯಮ.

ಅಂಗಡಿಯಲ್ಲಿ 100 ಮತ್ತು 300 ಮಿಲಿ ಆಂಪ್‌ನವೂ ಸಿಗುತ್ತವೆ. ನೋಡೋಕೆ ಎಲ್ಲ ಒಂದೇ ಥರ. ಅವು ಮುಖ್ಯವಾಗಿ ಬೆಂಕಿ ಅನಾಹುತ ತಡೆಯೋಕೆ. ತೋಟಕ್ಕೆ 30ರದ್ದೇ ಬೇಕು. ಮೈಮೇಲೆ ಅಚ್ಚಾದ ಅಂಕಿಯನ್ನು ನೀವೇ ಓದಿ ತಗೊಳ್ಳಿ. ಇನ್ನೊಂದು ವಿಷಯ, ಬರೀ ಆರ್‌ಸಿಸಿಬಿ ಓವರ್‌ಲೋಡ್ ತಡೆಯೋದಿಲ್ಲ. ಅದರ ಜೊತೆಗೆ ಎಂಸಿಬಿ ಬೇಕು, ಅಥವಾ ಎರಡೂ ಕೆಲಸ ಒಂದರಲ್ಲೇ ಮಾಡುವ ಆರ್‌ಸಿಬಿಒ ಹಾಕಿಸಿ. ನಾವು ಹಾಕಿಸಿದ್ದು 16 ಆಂಪ್, 30 ಮಿಲಿ ಆಂಪ್ ಆರ್‌ಸಿಬಿಒ. ಅದರ ಪಕ್ಕದಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಐಸೊಲೇಟರ್.

ಇಡೀ ಮನೆಗೆ ಒಂದು ಆರ್‌ಸಿಸಿಬಿ ಈಗಾಗಲೇ ಇದ್ದರೂ ತೋಟಕ್ಕೆ ಬೇರೆಯೇ ಇರಲಿ. ತೋಟದ ಲೈನನ್ನು ಮೀಟರಿನ ನಂತರ, ಮನೆಯ ಆರ್‌ಸಿಸಿಬಿಗೆ ಮುಂಚೆ ತೆಗೆಯಬೇಕು. ಇಲ್ಲದಿದ್ದರೆ ಏನಾಗುತ್ತೆ ನೋಡಿ. ರಾತ್ರಿ ಮಳೆಗೆ ಹಿತ್ತಲ ದೀಪದಲ್ಲಿ ನೀರು ಹೊಕ್ಕು ಇಡೀ ಮನೆ ಕತ್ತಲಾಗುತ್ತೆ. ಎರಡು ಸಲ ಹೀಗಾದರೆ ಯಾರೋ ಬಂದು ‘ಇದು ಸುಮ್ನೆ ಟ್ರಿಪ್ ಆಗುತ್ತೆ’ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ.

ಅದು ಸುಮ್ನೆ ಟ್ರಿಪ್ ಆಗೋದು ಬಹಳ ಕಮ್ಮಿ. ಪದೇ ಪದೇ ಆಗುತ್ತಿದ್ದರೆ ಎರಡು ಕಡೆ ಹುಡುಕಿಸಿ. ಒಂದು, ಎಲ್ಲೋ ನೀರು ಸೇರಿದೆ. ತೋಟದ ಪ್ಲಗ್‌ಗಳನ್ನೆಲ್ಲ ಕಿತ್ತು, ಒಂದೊಂದೇ ಹಾಕುತ್ತಾ ಬಂದರೆ ಯಾವುದು ಅಂತ ಸಿಕ್ಕಿಬೀಳುತ್ತೆ. ಎರಡು, ನ್ಯೂಟ್ರಲ್ ಅದಲು ಬದಲಾಗಿದೆ. ತೋಟದ ದೀಪದ ಫೇಸ್ ತೋಟದ ಆರ್‌ಸಿಬಿಒದಿಂದ ಹೋಗಿ, ನ್ಯೂಟ್ರಲ್ ಮಾತ್ರ ಅಡುಗೆಮನೆ ಲೈನಿಗೆ ಸೇರಿದ್ದರೆ ತಕ್ಕಡಿ ಸಮ ತೂಗೋದೇ ಇಲ್ಲ. ನಮ್ಮ ಮನೆಯಲ್ಲಿ ಆದದ್ದು ಇದೇ. ಅರ್ಧ ದಿನ ಹುಡುಕಿದಮೇಲೆ ಹಿಂಬಾಗಿಲ ಸ್ವಿಚ್ ಬೋರ್ಡ್ ಒಳಗೆ ಎರಡು ಕಪ್ಪು (ನ್ಯೂಟ್ರಲ್) ವೈರ್ ಒಂದೇ ಸ್ಕ್ರೂ ಕೆಳಗೆ ಅಪ್ಪಿಕೊಂಡು ಕೂತಿದ್ದು ಕಂಡಿತು. ಬಿಡಿಸಿದಮೇಲೆ ಇವತ್ತಿನವರೆಗೂ ಕಾರಣವಿಲ್ಲದೆ ಟ್ರಿಪ್ ಆಗಿಲ್ಲ.

ಆರ್‌ಸಿಸಿಬಿ ಕೈಲಿ ಆಗದ್ದೂ ಒಂದಿದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹೋದ ಕರೆಂಟ್ ಅಷ್ಟೂ ವಾಪಸ್ ಬರುತ್ತೆ, ಅದಕ್ಕೆ ತಪ್ಪು ಕಾಣೋದಿಲ್ಲ. ಹಾಗಾಗಿ ಅದನ್ನು ನಂಬಿ ಯಾವ ವೈರನ್ನೂ ಮುಟ್ಟಬೇಡಿ.

ಅರ್ಥ್: ನಮ್ಮ ನೆಲದಲ್ಲಿ ಸ್ವಲ್ಪ ಕಷ್ಟ

ಕೋಲಾರದ ನೆಲ ನಿಮಗೆ ಗೊತ್ತೇ ಇದೆ. ಮೇಲೆ ಕೆಮ್ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ. ಬೇಸಿಗೆಯಲ್ಲಿ ಬಾಯಿ ಬಿಟ್ಟ ನೆಲ. ಒಣ ಗರಸು ಕರೆಂಟನ್ನು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳೋದಿಲ್ಲ.

ಒಂದು ಲೆಕ್ಕ ಹಾಕೋಣ. ನಿಮ್ಮ ಅರ್ಥ್ ಗುಂಡಿಯ ತಡೆ 20 ಓಮ್ ಇದೆ ಅಂದುಕೊಳ್ಳಿ. ಮೋಟರ್ ಒಳಗೆ ಫೇಸ್ ವೈರ್ ಬಾಡಿಗೆ ತಾಗಿತು. 230ನ್ನು 20ರಿಂದ ಭಾಗಿಸಿ: 11.5 ಆಂಪ್. 16 ಆಂಪ್ ಎಂಸಿಬಿ ಟ್ರಿಪ್ ಆಗೋದೇ ಇಲ್ಲ. ಮೋಟರ್ ಬಾಡಿಯಲ್ಲಿ ಕರೆಂಟ್ ಹಾಗೇ ಇರುತ್ತೆ, ಅದಕ್ಕೆ ಕೂಡಿಸಿದ ಕಬ್ಬಿಣದ ಪೈಪಿನಲ್ಲೂ, ನಲ್ಲಿಯಲ್ಲೂ. ಅದೇ ಜಾಗದಲ್ಲಿ 30 ಮಿಲಿ ಆಂಪ್ ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತೆ. ಹಾಗಂತ ಅರ್ಥ್ ಬಿಡೋ ಹಾಗಿಲ್ಲ. ಅರ್ಥ್ ಇದ್ದರೆ ತಪ್ಪಾದ ಕ್ಷಣದಲ್ಲೇ ಟ್ರಿಪ್ ಆಗುತ್ತೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದಾಗಲೇ ಅದಕ್ಕೆ ಗೊತ್ತಾಗೋದು. ಅಂದರೆ ಶಾಕ್ ಹೊಡೆದೇ ಹೊಡೆಯುತ್ತೆ, ಬೇಗ ನಿಲ್ಲುತ್ತೆ ಅಷ್ಟೇ.

ನಮ್ಮಲ್ಲಿ ರೂಢಿಯಲ್ಲಿರೋದು ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಹೂತು, ಸುತ್ತ ಇದ್ದಿಲು, ಉಪ್ಪು ತುಂಬುವ ಗುಂಡಿ. ಉಪ್ಪು ಕೆಲವು ವರ್ಷದಲ್ಲಿ ಪೈಪನ್ನು ತಿಂದುಹಾಕುತ್ತೆ. ಕೈಗೆಟುಕಿದರೆ ಬೆಂಟೊನೈಟ್ ಅನ್ನೋ ಜೇಡಿಮಣ್ಣಿನ ಪುಡಿ ತುಂಬಿಸಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತೆ. ಆಳಕ್ಕೆ ಇಳಿಸೋಕೆ ಬಂಡೆ ಬಿಡದಿದ್ದರೆ ಎರಡು ಗುಂಡಿ ತೋಡಿ, ನಡುವೆ ಪೈಪಿನ ಉದ್ದಕ್ಕಿಂತ ಜಾಸ್ತಿ ಅಂತರ ಬಿಟ್ಟು, ಎರಡನ್ನೂ ಜೋಡಿಸಿ. ಕೆಲಸ ಮುಗಿದ ಮೇಲೆ ಅರ್ಥ್ ಟೆಸ್ಟರ್‌ನಲ್ಲಿ ಅಳೆದು ಅಂಕಿ ತೋರಿಸಿ ಅಂತ ಕೇಳಿ. 5 ಓಮ್ ಒಳಗೆ ಬಂದರೆ ಒಳ್ಳೆಯದು. ಫೆಬ್ರವರಿಯಿಂದ ಮೇ ತನಕ ವಾರಕ್ಕೆರಡು ಸಲ ಗುಂಡಿಗೆ ಒಂದು ಕೊಡ ನೀರು ಹಾಕಿ. ಪಾತ್ರೆ ತೊಳೆದ ನೀರೂ ಆಗುತ್ತೆ.

ಕೇಬಲ್ ಹೂಳೋದು

ಮನೆ ವೈರಿಂಗ್‌ಗೆ ಬಳಸುವ ಬಿಡಿ ವೈರನ್ನು ಸುಮ್ನೆ ಮಣ್ಣಲ್ಲಿ ಹೂಳಬೇಡಿ. ನೀರು ಬಿಡುವ ಪೈಪಿನೊಳಗೆ ತೂರಿಸಿ ಹೂತರೂ ಅಷ್ಟೇ. ಗೆದ್ದಲು, ಹೆಗ್ಗಣ, ಹಾರೆಯ ಮೊನೆ, ಯಾವುದಾದರೂ ಒಂದು ಅದನ್ನು ಹುಡುಕಿಕೊಂಡು ಬರುತ್ತೆ. ತಗೋಬೇಕಾದ್ದು ಆರ್ಮರ್ಡ್ ಕೇಬಲ್, ಅಂದರೆ ಒಳಗೆ ಉಕ್ಕಿನ ತಂತಿ ಕವಚ ಇರುವಂಥದ್ದು. ತಾಮ್ರ, ಮೂರು ಕೋರ್ (ಒಳಗಿನ ಎಳೆ), 2.5 ಸ್ಕ್ವೇರ್ ಎಂಎಂ. 25 ಮೀಟರ್ ದೂರಕ್ಕೆ 16 ಆಂಪ್ ಪೂರ್ತಿ ಎಳೆದರೂ ಇದರಲ್ಲಿ 7 ವೋಲ್ಟ್ ಆಸುಪಾಸು ಮಾತ್ರ ಕಮ್ಮಿಯಾಗುತ್ತೆ. ತೋಟ ದೊಡ್ಡದು, 50 ಮೀಟರ್ ದಾಟುತ್ತೆ ಅಂದರೆ 4 ಸ್ಕ್ವೇರ್ ಎಂಎಂಗೆ ಹೋಗಿ.

ಈ ಕೇಬಲ್‌ನ ಮೂರು ಕೋರ್ ಹೆಚ್ಚಾಗಿ ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಬರುತ್ತವೆ. ಯಾವುದು ನ್ಯೂಟ್ರಲ್, ಯಾವುದು ಅರ್ಥ್ ಅಂತ ಮೊದಲೇ ನಿರ್ಧರಿಸಿ, ಎರಡೂ ತುದಿಯಲ್ಲಿ ಕಪ್ಪು, ಹಸಿರು ಸ್ಲೀವ್ ಹಾಕಿಸಿ. ಒಂದು ತುದಿಯಲ್ಲಿ ಹಳದಿ ಅರ್ಥ್ ಆಗಿ, ಇನ್ನೊಂದು ತುದಿಯಲ್ಲಿ ಫೇಸ್ ಆದರೆ ಮೋಟರ್ ಬಾಡಿಗೆ ನೀವೇ ಕರೆಂಟ್ ಕೊಟ್ಟ ಹಾಗೆ. ಉಕ್ಕಿನ ಕವಚವನ್ನೂ ಗ್ಲ್ಯಾಂಡ್ (ಕೇಬಲನ್ನು ಡಬ್ಬಿಯ ತೂತಿಗೆ ಬಿಗಿದು ಹಿಡಿಯುವ ಭಾಗ) ಮೂಲಕ ಅರ್ಥ್‌ಗೆ ಸೇರಿಸಬೇಕು. ಹಾಗಿದ್ದರೆ ಹಾರೆ ಬಿದ್ದು ಕೇಬಲ್ ತೂತಾದರೂ ಕರೆಂಟ್ ಕವಚಕ್ಕೆ ಹರಿದು ತಕ್ಷಣ ಟ್ರಿಪ್ ಆಗುತ್ತೆ.

ಆಳ ಎರಡೂವರೆ ಅಡಿ ಇರಬೇಕು. ತಳದಲ್ಲಿ ಮೂರು ಇಂಚು ಮರಳು, ಅದರ ಮೇಲೆ ಕೇಬಲ್, ಮತ್ತೆ ಮರಳು, ಮೇಲೆ ಅಡ್ಡಲಾಗಿ ಇಟ್ಟಿಗೆ ಸಾಲು. ನಮ್ಮ ಕಡೆ ಕಲ್ಲಿಗೆ ಬರವಿಲ್ಲವಲ್ಲ, ನಾವು ಚಪ್ಪಡಿ ತುಂಡುಗಳನ್ನು ಹಾಸಿದೆವು. ಅದರ ಮೇಲೆ ಅರ್ಧ ಅಡಿ ಮಣ್ಣು, ಆಮೇಲೆ ಎಚ್ಚರಿಕೆಯ ಟೇಪ್, ಮತ್ತೆ ಮಣ್ಣು. ಮುಂದೆ ಅಗೆಯುವವರಿಗೆ ಮೊದಲು ಟೇಪ್ ಸಿಗುತ್ತೆ, ಆಮೇಲೆ ಕಲ್ಲು. ಅಷ್ಟರಲ್ಲಿ ಅವರು ಹಾರೆ ಕೆಳಗಿಡುತ್ತಾರೆ.

ಒಂದಡಿಗೇ ಬಂಡೆ ಸಿಕ್ಕಿತು ಅಂದರೆ ಹಟ ಮಾಡಬೇಡಿ. ಅರೆಬರೆ ಆಳದಲ್ಲಿ ಹೂಳೋದಕ್ಕಿಂತ ಅದೇ ಕೇಬಲನ್ನು ಕಾಂಪೌಂಡ್ ಗೋಡೆಗೆ, ಕಣ್ಣಿಗೆ ಕಾಣುವ ಹಾಗೆ, ಕ್ಲ್ಯಾಂಪ್ ಹೊಡೆದು ಒಯ್ಯೋದು ಎಷ್ಟೋ ಮೇಲು. ಹೂತಿದ್ದರೆ, ಮಣ್ಣು ಮುಚ್ಚೋ ಮುಂಚೆ ಗುಂಡಿಯ ಪಕ್ಕ ಅಳತೆ ಟೇಪ್ ಇಟ್ಟು ಫೋಟೊ ತೆಗೆಯಿರಿ. ನಕ್ಷೆಯ ಹಾಳೆಯನ್ನು ಬೋರ್ಡ್ ಬಾಗಿಲ ಒಳಗೆ ಅಂಟಿಸಿ.

ಸಾಕೆಟ್, ಡಬ್ಬಿ, ಜಾಯಿಂಟ್

ಹೊರಗಿನ ಸಾಕೆಟ್‌ಗೆ ಮುಚ್ಚಳ ಇರಬೇಕು, ಮೇಲೆ ಐಪಿ ಅಂಕಿ (ಧೂಳು, ನೀರನ್ನು ಎಷ್ಟು ತಡೆಯುತ್ತೆ ಅನ್ನೋ ಗುರುತು) ಬರೆದಿರಬೇಕು. ಸೂರಿನ ಕೆಳಗೆ ಐಪಿ44 ಸಾಕು. ಬಯಲಲ್ಲಿ, ಪೈಪಿನ ನೀರು ನೇರ ಬಡಿಯುವ ಕಡೆ ಐಪಿ65 ತಗೊಳ್ಳಿ. ಆದರೆ ಪ್ಲಗ್ ಹಾಕಿದಮೇಲೂ ಮುಚ್ಚಳ ಮುಚ್ಚುತ್ತಾ ಅಂತ ಅಂಗಡಿಯಲ್ಲೇ ನೋಡಿ. ಮುಚ್ಚಿದಾಗ ಮಾತ್ರ ಆ ಅಂಕಿಗೆ ಬೆಲೆ. ನೆಲದಿಂದ ಮೂರಡಿ ಮೇಲಿರಲಿ, ನಲ್ಲಿಯಿಂದ ಆರಡಿ ದೂರ ಇರಲಿ. ಕೇಬಲ್ ಡಬ್ಬಿಗೆ ಕೆಳಗಿನಿಂದಲೇ ಹೋಗಲಿ. ಹೋಗೋ ಮುಂಚೆ ಒಂದು ಡೊಂಕು ಕೊಟ್ಟರೆ ಕೇಬಲ್ ಮೇಲೆ ಹರಿದು ಬರುವ ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತೆ. ತೂತಿಗೆ ಗ್ಲ್ಯಾಂಡ್ ಕಡ್ಡಾಯ. ಬಿಟ್ಟ ತೂತಿನಲ್ಲಿ ಇರುವೆ, ಹಲ್ಲಿ ಸಂಸಾರ ಹೂಡುತ್ತವೆ.

ಜಾಯಿಂಟ್ ಮಣ್ಣಲ್ಲಿ ಬೇಡವೇ ಬೇಡ. ಬೇಕಾದರೆ ನೆಲದ ಮೇಲೆ, ಮುಚ್ಚಳದ ಡಬ್ಬಿಯೊಳಗೆ, ಕನೆಕ್ಟರ್‌ನಲ್ಲಿ. ಟೇಪ್ ಸುತ್ತಿ ಬಿಟ್ಟ ಜಾಯಿಂಟ್ ಏನಾಗುತ್ತೆ ಅಂತ ಮೇಲೆ ಹೇಳಿದ್ದೇನೆ.

ದೀಪಕ್ಕೆ 12 ವೋಲ್ಟ್, ಸ್ವಿಚ್ ಎರಡು ಕಡೆ

ಗಿಡದ ನಡುವಿನ ದೀಪಕ್ಕೆ, ತುಳಸಿ ಕಟ್ಟೆಗೆ 230 ವೋಲ್ಟ್ ಯಾಕೆ ಬೇಕು ಹೇಳಿ? 12 ವೋಲ್ಟ್ ಎಲ್‌ಇಡಿ ಹಾಕಿ. ಅಡಾಪ್ಟರ್ ಮನೆಯೊಳಗೇ ಇರಲಿ, ಹೊರಗೆ ಹೋಗೋದು 12 ವೋಲ್ಟ್ ಮಾತ್ರ. ಒದ್ದೆ ಕೈಯಲ್ಲಿ ಮುಟ್ಟಿದರೂ ಜೀವಕ್ಕೆ ಅಪಾಯ ಇಲ್ಲ. ಅಡಾಪ್ಟರ್ ತಗೊಳ್ಳುವಾಗ ‘ಐಸೊಲೇಟೆಡ್’ ಇದೆಯಾ ಅಂತ ಕೇಳಿ. ತೀರಾ ಅಗ್ಗದ ಕೆಲವು ಡ್ರೈವರ್‌ಗಳಲ್ಲಿ ಒಳಬರುವ ಕರೆಂಟಿಗೂ ಹೊರಹೋಗುವುದಕ್ಕೂ ನೇರ ಸಂಪರ್ಕ ಇರುತ್ತೆ, ಅಂಥದ್ದು ಬೇಡ. 12 ವೋಲ್ಟ್‌ನಲ್ಲಿ ವೈರ್ ತೆಳ್ಳಗಿದ್ದರೆ ಕೊನೆಯ ದೀಪ ಮಂಕಾಗುತ್ತೆ. 36 ವ್ಯಾಟ್ ದೀಪಗಳನ್ನು 15 ಮೀಟರ್ ದೂರಕ್ಕೆ 1 ಸ್ಕ್ವೇರ್ ಎಂಎಂ ವೈರಿನಲ್ಲಿ ಒಯ್ದರೆ ದಾರಿಯಲ್ಲೇ ಸುಮಾರು 2 ವೋಲ್ಟ್ ಹೋಗುತ್ತೆ. 2.5 ಹಾಕಿದರೆ ಒಂದು ವೋಲ್ಟ್ ಕೂಡ ಹೋಗೋದಿಲ್ಲ.

ಸ್ವಿಚ್ ವಿಷಯಕ್ಕೆ ಬರೋಣ. ರಾತ್ರಿ ಹಿತ್ತಲ ಕೊನೆಯಲ್ಲಿ ನಿಂತಾಗ ದೀಪ ಹಾಕೋಕೆ ಮನೆ ತನಕ ಬರಬೇಕಾದರೆ, ಬರೋದು ಕತ್ತಲಲ್ಲಿ. ಹಾವು ಚೇಳಿನ ಜಾಗ ನಮ್ಮದು. ಮೆಟ್ಟಿಲ ದೀಪಕ್ಕೆ ಹಾಕುತ್ತಾರಲ್ಲ, ಅದೇ ಟೂ-ವೇ ಸ್ವಿಚ್ ಇಲ್ಲಿಗೂ ಸರಿ. ಹಿಂಬಾಗಿಲಲ್ಲಿ ಒಂದು, ಸಂಪಿನ ಹತ್ತಿರ ಒಂದು. ಇದನ್ನು 12 ವೋಲ್ಟ್ ಬದಿಯಲ್ಲೇ ಹಾಕಿಸಿದರೆ ತೋಟದ ಸ್ವಿಚ್ಚಿನಲ್ಲೂ 230 ಇರೋದಿಲ್ಲ. ಒದ್ದೆ ಕೈಯಲ್ಲಿ ಒತ್ತುವ ಸ್ವಿಚ್ ಅದೇ ತಾನೇ? ಎರಡು ಸ್ವಿಚ್ಚಿನ ನಡುವೆ ಹೆಚ್ಚುವರಿ ಎಳೆ ಬೇಕಾಗುತ್ತೆ, ಅದಕ್ಕೆ ಗುಂಡಿ ತೋಡೋ ಮುಂಚೆಯೇ ಇದನ್ನು ತೀರ್ಮಾನ ಮಾಡಿ. 12 ವೋಲ್ಟ್ ವೈರನ್ನು 230 ಹೋಗುವ ಪೈಪಿನಲ್ಲಿ ಸೇರಿಸಬೇಡಿ. ಕತ್ತಲಾದಾಗ ತಾನೇ ಹತ್ತುವ ಸೆನ್ಸರ್, ಟೈಮರ್ ಬೇಕಾದರೆ ಹಾಕಿಕೊಳ್ಳಿ, ಅದು ಅನುಕೂಲದ ಮಾತು.

ಮೋಟರಿಗೆ ಡಬಲ್ ಪೋಲ್ ಸ್ವಿಚ್ಚೇ ಬೇಕು. ಸಂಪಿಗೆ ಇಳಿಯೋ ಮುಂಚೆ ಅಥವಾ ಮೋಟರ್ ಎತ್ತೋ ಮುಂಚೆ ಆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಡಿ. ಕೇಬಲ್ ಹಿಡಿದು ಮೋಟರ್ ಎಳೆಯಬೇಡಿ, ಅದಕ್ಕೆ ಬೇರೆ ನೈಲಾನ್ ಹಗ್ಗ ಕಟ್ಟಿರಿ. ಕರೆಂಟ್ ಹೋಗಿದೆ ಅಂತ ಧೈರ್ಯವಾಗಿ ಕೈ ಹಾಕೋದಂತೂ ಬೇಡ. ಅದು ಯಾವ ಕ್ಷಣಕ್ಕಾದರೂ ಬರುತ್ತೆ. ಯುಪಿಎಸ್ ಇರುವ ಮನೆಯಲ್ಲಿ ಕೆಲವು ಲೈನ್‌ಗೆ ಹೋಗಿಯೇ ಇರೋದಿಲ್ಲ.

ಮುಚ್ಚೋ ಮುಂಚೆ, ಆಮೇಲೆ ತಿಂಗಳು ತಿಂಗಳು

ಮಣ್ಣು ಮುಚ್ಚೋ ಮುಂಚೆ ಮೆಗ್ಗರ್ (ಕೇಬಲಿನ ಪ್ಲಾಸ್ಟಿಕ್ ಹೊದಿಕೆ ಕರೆಂಟ್ ಸೋರದ ಹಾಗೆ ತಡೆಯುತ್ತಾ ಅಂತ ಅಳೆಯುವ ಮೀಟರ್) ಹಚ್ಚಿ ಕೇಬಲ್ ಪರೀಕ್ಷೆ ಮಾಡಿಸಿ. ಕೋರ್‌ಗಳ ನಡುವೆ, ಕೋರ್‌ಗೂ ಕವಚಕ್ಕೂ ನಡುವೆ 1 ಮೆಗಾ ಓಮ್‌ಗಿಂತ ಕಮ್ಮಿ ಬರಬಾರದು. ಹೊಸ ಕೇಬಲ್ ಇದಕ್ಕಿಂತ ಎಷ್ಟೋ ಜಾಸ್ತಿ ತೋರಿಸುತ್ತೆ.

ಆರ್‌ಸಿಸಿಬಿ ಮೇಲೆ ‘ಟಿ’ ಅಂತ ಒಂದು ಗುಂಡಿ ಇರುತ್ತೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ಟಕ್ ಅಂತ ಕೆಳಗೆ ಬೀಳಬೇಕು. ಬೀಳದಿದ್ದರೆ ಅವತ್ತೇ ತೋಟದ ಲೈನ್ ಆಫ್ ಮಾಡಿ, ಹೊಸದು ತರಿಸಿ. ಒತ್ತದೇ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿದುಕೊಂಡು, ಬೇಕಾದಾಗ ಬೀಳದೇ ಇರಬಹುದು. ಈ ಗುಂಡಿ ಯಂತ್ರ ಸರಿ ಇದೆಯಾ ಅಂತ ಮಾತ್ರ ಹೇಳುತ್ತೆ. ಅರ್ಥ್ ಕಿತ್ತುಹೋಗಿದ್ದರೂ ಗುಂಡಿ ಒತ್ತಿದಾಗ ಟಕ್ ಅಂತಲೇ ಬೀಳುತ್ತೆ. ಅದಕ್ಕೆ ವರ್ಷಕ್ಕೊಮ್ಮೆ, ಏಪ್ರಿಲ್‌ನ ಗುಡುಗು ಮಳೆ ಶುರುವಾಗೋ ಮುಂಚೆ, ಅರ್ಥ್ ಬೇರೆಯಾಗಿ ಅಳೆಸಿ.

ಅಕ್ಟೋಬರ್, ನವೆಂಬರ್‌ನ ಹಿಂಗಾರು ಮಳೆ ನಿಂತಮೇಲೆ ಎಲ್ಲ ಡಬ್ಬಿ ತೆರೆದು ನೋಡಿಸಿ. ಮುಚ್ಚಳದ ರಬ್ಬರ್ ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ತೆಂಗು, ನುಗ್ಗೆ, ಮಾವಿನ ಕೊಂಬೆ ಬೀದಿಯ ಲೈನಿಗೆ ತಾಗುತ್ತಿದ್ದರೆ ನೀವೇ ಕಡಿಯೋಕೆ ಹೋಗಬೇಡಿ. ಕಬ್ಬಿಣದ ದೋಟಿ ಹಿಡಿದು ಅಲ್ಲಿ ಕಾಯಿ ಕೀಳಬೇಡಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ತಂತಿ ಹರಿದು ಬಿದ್ದಿದ್ದರೂ ಅದೇ ನಂಬರ್, ಅವರು ಬರೋ ತನಕ ಯಾರನ್ನೂ ಹತ್ತಿರ ಬಿಡಬೇಡಿ.

ಮನೆಯೊಳಗೆ ಯಾರಾದರೂ ಕರೆಂಟಿಗೆ ಸಿಕ್ಕಿಕೊಂಡರೆ ಓಡಿಹೋಗಿ ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿ. ಮೇನ್ ದೂರ ಇದ್ದರೆ ಒಣ ಹಲಗೆ ಅಥವಾ ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತು, ಒಣ ಮರದ ಕೋಲಿನಿಂದ ಬಿಡಿಸಿ. 108ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ ಎದೆ ನಡುವೆ ಎರಡೂ ಕೈ ಇಟ್ಟು, ನಿಮಿಷಕ್ಕೆ ನೂರು ಸಲದ ಮೇಲೆ, ಎರಡು ಇಂಚು ಇಳಿಯುವ ಹಾಗೆ ಒತ್ತುತ್ತಲೇ ಇರಿ. ಮೇನ್ ಎಲ್ಲಿದೆ, ಯಾವುದು ತೋಟದ ಸ್ವಿಚ್ ಅಂತ ಮನೆಯ ಮಕ್ಕಳಿಗೂ ತೋರಿಸಿಟ್ಟಿರಿ.

‘ಟಿ’ ಗುಂಡಿ ಒತ್ತುವ ದಿನ ನೆನಪಿರಲಿ ಅಂತ ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಇಟ್ಟುಕೊಂಡಿದ್ದೇವೆ. ಆ ಕೆಲಸ ಅಮ್ಮನದು. ಬೆಳಗ್ಗೆ ಗುಂಡಿ ಒತ್ತಿ, ಟಕ್ ಅಂದಿದ್ದು ಕೇಳಿಸಿಕೊಂಡು, ಮತ್ತೆ ಮೇಲೆತ್ತಿ, ಆಮೇಲೆ ತಂಬಿಗೆ ಹಿಡಿದು ತುಳಸಿ ಕಟ್ಟೆಗೆ ಹೋಗುತ್ತಾರೆ.